ಬೆಕ್ಕಿನ ಮರಿ ಕಾಲನ್ನು ಕಚ್ಚುವುದೇಕೆ?

ಭೌತಶಾಸ್ತ್ರವನ್ನು ಬೋಧಿಸುವವರಿಗೆ ಬೆಕ್ಕು ಅಪರಿಚಿತ ಪ್ರಾಣಿಯಲ್ಲ. ಬೆನ್ನು ಕೆಳಗಾಗಿ ಕೈಬಿಟ್ಟ ಬೆಕ್ಕು ನೆಲವನ್ನು ಮುಟ್ಟುವುದರೊಳಗೆ ಮೈಯನ್ನು ತಿರುಚಿ ಕಾಲೂರುವ ಬಗೆಯನ್ನು ಫ್ರಾನ್ಸಿನ ಮಾರೆ ಎಂಬ ವಿಜ್ಞಾನಿಯು 1894ರಲ್ಲಿ ಛಾಯಾಚಿತ್ರಗಳ ಮೂಲಕ ತೋರಿಸಿದನು. ಈ ಸಂಗತಿಯನ್ನು ತರಗತಿಯಲ್ಲಿ ಪ್ರತಿ ವರ್ಷವೂ ವಿವರಿಸುತ್ತ ಬಂದ ನಾವು, ಬೆಕ್ಕಿಗೆ ಕಾಲುಗಳಲ್ಲದೆ ಹಲ್ಲುಗಳೂ ಉಂಟೆಂಬುದನ್ನು ಚೆನ್ನಾಗಿ ಅರಿತುದು ಹಲಸೂರಿನ ನಮ್ಮ ಮನೆಗೆ ಒಂದು ಮರಿ ಬಂದ ಮೇಲೆಯೇ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬಳಿಯ ಗಲ್ಲಿಯೊಂದರಲ್ಲಿ ಒಂಟಿಯಾಗಿ ಅರಚುತ್ತಿದ್ದ ಅದನ್ನು ಎತ್ತಿ ತಂದಾಗ ಅದಕ್ಕೆ ಐದು ವಾರಗಳಿಗಿಂತ ಹೆಚ್ಚಿರಲಾರದು. ಮೂರನೆಯ ತಿಂಗಳು ತುಂಬುವ ಹೊತ್ತಿಗೆ ಸಂಜೆಯಾಯಿತೆಂದರೆ ಮಂಚದ ಕೆಳಗೆ ಹೊಂಚುಹಾಕಿ, ನಡೆದು ಹೋಗುವವರ ಹಿಮ್ಮಡಿಯ ಮೇಲೆ ಹಾರುವುದನ್ನು ಅಭ್ಯಾಸ ಮಾಡಿಕೊಂಡಿತು. ಮೊದಮೊದಲು ಎಲ್ಲರೂ ನಕ್ಕೆವು. ಒಂದು ದಿನ ಸಕ್ಕರೆ ಕಾಯಿಲೆಯುಳ್ಳ ನಮ್ಮ ವೃದ್ಧ ತಾಯಿಯವರ ಕಾಲಿಗೆ ಹಲ್ಲು ನಾಟಿ ರಕ್ತ ಬಂದಿತು. ನಲ್ಲಿಯ ಕೆಳಗೆ ಹದಿನೈದು ನಿಮಿಷ ಸಾಬೂನಿನಿಂದ ಗಾಯವನ್ನು ತೊಳೆದು ಬೌರಿಂಗ್ ಆಸ್ಪತ್ರೆಗೆ ಕರೆದೊಯ್ದೆವು. ಮರಿಗೆ ಇನ್ನೂ ಲಸಿಕೆ ಹಾಕಿಸಿರಲಿಲ್ಲವಾದುದರಿಂದ ತಾಯಿಯವರು ರೇಬೀಸಿನ ಚುಚ್ಚುಮದ್ದನ್ನು ಸರಣಿಯಾಗಿ ತೆಗೆದುಕೊಳ್ಳಬೇಕಾಯಿತು. ಆ ರೋಗವು ನಾಯಿಯಿಂದ ಮಾತ್ರವೇ ಬರುವುದೆಂಬ ನಂಬಿಕೆ ಬಹು ಮಂದಿಯಲ್ಲಿದೆ, ಅದು ತಪ್ಪು. ಬೆಕ್ಕು ಕಚ್ಚಿದರೂ ವೈದ್ಯರಿಗೆ ತೋರಿಸಲೇಬೇಕು. ಮನೆಯಲ್ಲಿ ತೀರ್ಪು ಒಮ್ಮತದಿಂದ ಹೊರಬಿದ್ದಿತು: ತಂದಲ್ಲಿಗೇ ಬಿಟ್ಟು ಬರತಕ್ಕದ್ದು. ನಾವು ಒಂದು ತಿಂಗಳ ಗಡುವನ್ನು ಬೇಡಿದೆವು.

ಈ ಕಚ್ಚುವಿಕೆಯು ಕೋಪವಲ್ಲ, ದ್ವೇಷವೂ ಅಲ್ಲ. ಅದು ಬೇಟೆಯ ಅಭ್ಯಾಸ. ಹೊಂಚುವುದು, ಅಟ್ಟುವುದು, ಹಿಡಿಯುವುದು, ಕಚ್ಚುವುದು ಇವುಗಳಲ್ಲಿ ಒಂದೊಂದಕ್ಕೂ ಬೆಕ್ಕಿನಲ್ಲಿ ಬೇರೆಬೇರೆಯಾದ ಹಂಬಲವಿರುವುದೆಂದು ಜರ್ಮನಿಯ ಲೈಹೌಸೆನ್ ಎಂಬ ಪ್ರಾಣಿವರ್ತನ ಶಾಸ್ತ್ರಜ್ಞನು ವಾದಿಸಿದನು. ಹಸಿವು ತೀರಿದರೂ ಇವು ತೀರುವುದಿಲ್ಲ. ಹಾಲು ಅನ್ನವನ್ನು ಹೊಟ್ಟೆತುಂಬ ಕೊಟ್ಟ ಮಾತ್ರಕ್ಕೆ ಮರಿಯು ಸಾಧುವಾಗದಿರುವುದಕ್ಕೆ ಇದೇ ಕಾರಣ. ಹಿಂದೆ ದಂಡಿನ ಪ್ರದೇಶದ ಹೆಂಚಿನ ಮನೆಗಳ ಬೆಕ್ಕಿಗೆ ಇಲಿಯಿತ್ತು, ಹಲ್ಲಿಯಿತ್ತು, ಹಿತ್ತಿಲಿತ್ತು. ಇಂದಿರಾನಗರದ ಮೂರನೆಯ ಮಹಡಿಯಲ್ಲಿ ಬಾಗಿಲು ಹಾಕಿಕೊಂಡ ಮನೆಯೊಳಗೆ ಚಲಿಸುವ ವಸ್ತು ಯಾವುದಿದೆ? ಯಜಮಾನನ ಕಾಲೊಂದೇ.

ಇಲ್ಲಿ ಕಣ್ಣಿನ ಪಾತ್ರವನ್ನೂ ಗಮನಿಸಬೇಕು. ಬೆಕ್ಕಿನ ಕಣ್ಣು ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರವಿರುವ ವಸ್ತುವನ್ನು ಸ್ಪಷ್ಟವಾಗಿ ಕಾಣಲಾರದು. ಆದರೆ ಮಬ್ಬು ಬೆಳಕಿನಲ್ಲಿಯೂ ಚಲನೆಯನ್ನು ಬಲು ಬೇಗ ಗ್ರಹಿಸುತ್ತದೆ. ಆದುದರಿಂದ ಕಚ್ಚಿಸಿಕೊಂಡವರು ಕೈಯನ್ನು ಸರಕ್ಕನೆ ಹಿಂದಕ್ಕೆಳೆದರೆ, ಬೆಕ್ಕಿನ ಪಾಲಿಗೆ ಅದು ತಪ್ಪಿಸಿಕೊಳ್ಳುತ್ತಿರುವ ಇಲಿಯೇ ಸರಿ. ಅದು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ಹಾಗಾದರೆ ಎಲ್ಲ ಮರಿಗಳೂ ಹೀಗೇಕೆ ಗಾಯಮಾಡುವುದಿಲ್ಲ? ಒಂದೇ ಸೂಲಿನ ಮರಿಗಳು ಆಡುವುದನ್ನು ನೋಡಿದವರಿಗೆ ಉತ್ತರವು ಹೊಳೆಯುತ್ತದೆ. ಒಂದು ಮರಿಯು ಬಲವಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟವನ್ನು ಬಿಟ್ಟು ಹೋಗುತ್ತದೆ. ಆಟ ನಿಂತುಹೋಗುವುದೇ ಶಿಕ್ಷೆ. ಹಲ್ಲಿನ ಒತ್ತಡವನ್ನು ಅಳೆದು ಬಳಸುವ ಪಾಠವು ಹೀಗೆ ನಡೆಯುತ್ತದೆ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬೇರ್ಪಟ್ಟ ಬೆಕ್ಕುಗಳಲ್ಲಿ ಆಕ್ರಮಣಶೀಲತೆ ಹೆಚ್ಚೆಂದು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಸಂಶೋಧಕರು ಸುಮಾರು 5,700 ಬೆಕ್ಕುಗಳ ವಿವರಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ನಮ್ಮ ಮರಿಗೆ ಈ ಶಾಲೆಯೇ ದೊರೆತಿರಲಿಲ್ಲ. ಸಾಲದೆಂಬಂತೆ, ಅದು ಅಂಗೈಯಷ್ಟಿದ್ದಾಗ ಬೆರಳನ್ನಾಡಿಸಿ ಕಚ್ಚಿಸಿಕೊಂಡು ಸಂತೋಷಪಟ್ಟವರು ನಾವೇ. ಮನುಷ್ಯನ ಚರ್ಮವು ಆಟದ ಸಾಮಾನೆಂಬುದು ನಾವು ಕಲಿಸಿದ ಪಾಠ.

ಪರಿಹಾರವನ್ನು ಅರಸಿ ಮೊದಲು ನಾವು ಎಡವಿದೆವು. ಉಪನ್ಯಾಸಕ್ಕೆಂದು ಇಟ್ಟುಕೊಂಡಿದ್ದ ಲೇಸರ್ ಕಡ್ಡಿಯನ್ನು ತಂದು ಕೆಂಪು ಚುಕ್ಕೆಯನ್ನು ಗೋಡೆಯ ಮೇಲೆ ಓಡಿಸಿದೆವು. ಮರಿಯು ಹುಚ್ಚೆದ್ದು ಓಡಿತು; ಆದರೆ ಬೆಳಕನ್ನು ಹಿಡಿಯುವುದೆಂತು? ಆಟ ಮುಗಿದ ಮೇಲೂ ಗೋಡೆಯನ್ನೇ ದಿಟ್ಟಿಸಿ ಕುಳಿತು, ಕೊನೆಗೆ ನಮ್ಮ ಕಾಲಿಗೇ ಬಂದಿತು. ಲೇಸರ್ ಆಟ ಹೆಚ್ಚಾದಲ್ಲಿ ನೆರಳು ಬೆಳಕುಗಳನ್ನು ಬೆನ್ನಟ್ಟುವ ಗೀಳೂ ಹೆಚ್ಚಾಗಿ ಕಾಣುವುದೆಂದು ಅಮೆರಿಕದ ಸಂಶೋಧಕರು 2021ರಲ್ಲಿ ವರದಿ ಮಾಡಿರುವುದು ಬಳಿಕ ತಿಳಿಯಿತು. ಕಣ್ಣಿಗಾಗುವ ಅಪಾಯವಂತೂ ಭೌತಶಾಸ್ತ್ರದವರಿಗೆ ಮೊದಲೇ ತಿಳಿದಿರಬೇಕಾಗಿತ್ತು!

ಒಂದು ಉದ್ದನೆಯ ಕೋಲು, ಅದಕ್ಕೊಂದು ದಾರ, ದಾರದ ತುದಿಗೆ ಹಳೆಯ ಬಟ್ಟೆಯ ಗಂಟು: ಇಷ್ಟೇ ಸಾಕಾಯಿತು. ಗಂಟನ್ನು ಬೆಕ್ಕಿನ ಮುಖಕ್ಕೆ ತಂದು ಒಡ್ಡಬಾರದು; ಯಾವ ಇಲಿಯೂ ಬೆಕ್ಕಿನತ್ತ ಓಡಿ ಬರುವುದಿಲ್ಲ. ಅದು ದೂರ ಸರಿಯಬೇಕು, ಬಾಗಿಲ ಮರೆಗೆ ಹೋಗಿ ನಿಲ್ಲಬೇಕು, ಮತ್ತೆ ಮಿಸುಕಬೇಕು. ನಡುನಡುವೆ ಸಿಕ್ಕಿಬೀಳಬೇಕು. ಕೊನೆಯ ಹಿಡಿತವನ್ನು ಬೆಕ್ಕಿಗೇ ಬಿಟ್ಟುಕೊಟ್ಟು ಒಡನೆಯೇ ಊಟವನ್ನಿಟ್ಟರೆ ಬೇಟೆಯ ಸರಣಿ ಪೂರ್ಣವಾಗುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಇದಕ್ಕೆ ತಕ್ಕ ಕಾಲ, ಬೆಕ್ಕು ಸಹಜವಾಗಿಯೇ ಚುರುಕಾಗುವ ಹೊತ್ತು ಅದು. ಆಟ ಮುಗಿದೊಡನೆ ದಾರವನ್ನು ಎತ್ತಿಡಬೇಕೆಂಬುದನ್ನು ಮರೆಯಬಾರದು. ನುಂಗಿದ ದಾರವು ಕರುಳನ್ನು ಕತ್ತರಿಸಬಲ್ಲುದು. ಹೀಗೆ ದಿನಕ್ಕೆ ಐದು ಹತ್ತು ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ತರುವ ಬೇಟೆಯೇ ಕಾಲುಭಾಗದಷ್ಟು ಕಡಿಮೆಯಾಯಿತೆಂದು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಕಂಡರು. ಆಟವೂ ಬೇಟೆಯೂ ಒಂದೇ ಹಂಬಲವನ್ನು ವ್ಯಯಮಾಡುತ್ತವೆಂದು ಊಹಿಸಲು ಇದು ಆಧಾರವಾಗಿದೆ.

ಕಚ್ಚಿದಾಗಲೋ, ಕಲ್ಲಿನಂತೆ ನಿಂತು, ಹಿಡಿತ ಸಡಿಲಿದೊಡನೆ ಮಾತಿಲ್ಲದೆ ಕೋಣೆಯಿಂದ ಹೊರನಡೆದು ಬಾಗಿಲನ್ನೆಳೆದುಕೊಳ್ಳುವುದು. ಒಂದೆರಡು ನಿಮಿಷ ಸಾಕು. ಒಡಹುಟ್ಟು ಕಲಿಸಬೇಕಾಗಿದ್ದ ಪಾಠವನ್ನು ನಾವು ಕಲಿಸಿದಂತಾಯಿತು. ಹೊಡೆತ, ನೀರೆರಚುವುದು, ಗದರಿಕೆ ಇವೆಲ್ಲ ಆಟವನ್ನು ಭಯವನ್ನಾಗಿ ಮಾರ್ಪಡಿಸುತ್ತವೆ. ಭಯಗೊಂಡ ಬೆಕ್ಕಿನ ಕಡಿತ ಆಟದ ಕಡಿತಕ್ಕಿಂತ ಆಳವಾದುದು. ಆಟದ ಬೆಕ್ಕು ಸದ್ದಿಲ್ಲದೆ, ಕಿವಿಯನ್ನು ಮುಂದಕ್ಕೆ ನಿಮಿರಿಸಿ, ಹಿಂಭಾಗವನ್ನು ಅಲುಗಿಸಿ ಹಾರುತ್ತದೆ. ಕಿವಿಯನ್ನು ಚಪ್ಪಟೆಯಾಗಿ ಮಡಿಸಿ, ರೋಮವನ್ನೆಬ್ಬಿಸಿ, ಬುಸುಗುಟ್ಟುವುದು ಬೇರೆಯೇ ಸಂಗತಿ. ಬೆಳೆದ ಸಾಧು ಬೆಕ್ಕು ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಮೈಯಲ್ಲೆಲ್ಲೋ ನೋವಿದೆಯೆಂದು ಶಂಕಿಸಿ ಕ್ವೀನ್ಸ್ ರಸ್ತೆಯ ಪಶು ಆಸ್ಪತ್ರೆಗೋ ಬೇರೆ ಪಶುವೈದ್ಯರಲ್ಲಿಗೋ ಒಯ್ಯುವುದು ಲೇಸು.

ಮನೆಮಂದಿಯೆಲ್ಲ ಒಂದೇ ರೀತಿ ನಡೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾದ ಕೆಲಸ. ಕೃಷ್ಣರಾಜಪುರದಿಂದ ರಜೆಗೆ ಬಂದ ನಮ್ಮ ಸೋದರಳಿಯನು ಬೆರಳಿನ ಕಾಳಗವನ್ನು ಹೂಡಿ ಎರಡು ವಾರಗಳ ಶ್ರಮವನ್ನು ಎರಡು ದಿನಗಳಲ್ಲಿ ಕೆಡಿಸಿದನು, ಮೊದಲಿನಿಂದ ಆರಂಭಿಸಬೇಕಾಯಿತು. ತಿಂಗಳು ಮುಗಿದಾಗ ಕಚ್ಚುವುದು ಪೂರ್ತಿಯಾಗಿ ನಿಂತಿತೆಂದು ಹೇಳಲಾರೆವು. ಆದರೆ ಸಂಜೆಯಾದೊಡನೆ ಮರಿಯು ಮಂಚದ ಕೆಳಗಲ್ಲ, ಕೋಲನ್ನಿಟ್ಟ ಮೂಲೆಯಲ್ಲಿ ಹೋಗಿ ಕುಳಿತುಕೊಳ್ಳುತ್ತಿತ್ತು. ನಾವು ಕಾಲೇಜಿನಿಂದ ತಡವಾಗಿ ಬಂದ ದಿನ ತಾಯಿಯವರೇ ಕುರ್ಚಿಯಲ್ಲಿ ಕುಳಿತು ಕೋಲನ್ನಾಡಿಸಿದರು. ಗಡುವಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.