ತಿಳಿನೀರೆಲ್ಲ ಶುದ್ಧ ನೀರಲ್ಲ



ಮಣ್ಣು ಪರೀಕ್ಷೆ, ಬೀಜೋಪಚಾರ, ಗೊಬ್ಬರದ ಲೆಕ್ಕ, ಈ ಮಾತುಗಳನ್ನು ನಾವು ಆಗಾಗ್ಗೆ ಆಡುತ್ತಲೇ ಇರುತ್ತೇವೆ. ಈ ಹೊತ್ತು ನಮ್ಮೂರ ಕುಡಿಯುವ ನೀರಿನ ವಿಷಯವಾಗಿ ನಾಲ್ಕು ಮಾತು ತಿಳಿಯೋಣ.

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ಹೇಗೆ ತೀರ್ಮಾನ ಮಾಡುತ್ತೇವೆ? ಬಿಂದಿಗೆಯೊಳಗೆ ಬಗ್ಗಿ ನೋಡುತ್ತೇವೆ, ತಿಳಿಯಾಗಿದೆ. ಒಂದು ಗುಟುಕು ಕುಡಿಯುತ್ತೇವೆ, ರುಚಿಯಾಗಿದೆ. ಬೇಳೆ ಚೆನ್ನಾಗಿ ಬೇಯುತ್ತದೆ. ಸರಿ, ಒಳ್ಳೇ ನೀರು ಅಂತೀವಿ. ಬೇಳೆ ಬೇಯುವುದರಿಂದ ನೀರು ಗಡಸೋ ಮೆದುವೋ ಎಂಬುದು ಗೊತ್ತಾಗುತ್ತದೆ, ನಿಜ. ಆದರೆ ರೋಗಾಣು, ನೈಟ್ರೇಟು, ಫ್ಲೋರೈಡು ಎಂಬ ಮೂರು ಶತ್ರುಗಳು ಕಣ್ಣಿಗೆ ಕಾಣವು, ನಾಲಗೆಗೆ ತಿಳಿಯವು. ಮೂರೂ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು ರೋಗಾಣು. ಇದು ಬರುವುದು ಮಲದಿಂದ. ಶೌಚಾಲಯದ ಗುಂಡಿ, ತಿಪ್ಪೆ, ಬಚ್ಚಲು ನೀರು, ದನ ನಿಲ್ಲುವ ಜಾಗ, ಇವು ಬಾವಿಗೆ ಹತ್ತಿರವಿದ್ದರೆ ಹೊಲಸು ಇಂಗಿ ಬಾವಿ ಸೇರುತ್ತದೆ. ಮನೆ ಮನೆಗೆ ಶೌಚಾಲಯ ಬಂದದ್ದು ಬಹಳ ಒಳ್ಳೆಯದೇ. ಆದರೆ ಹಿತ್ತಲಲ್ಲಿ ಜಾಗ ಸಾಲದೆ ಗುಂಡಿಯನ್ನು ಕೊಳವೆ ಬಾವಿಯ ಪಕ್ಕದಲ್ಲೇ ತೋಡಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಗುಂಡಿಗೂ ತಿಪ್ಪೆಗೂ ಬಾವಿಗೂ ನಡುವೆ ಕಡೇ ಪಕ್ಷ 50 ಅಡಿ ಅಂತರವಿರಲಿ. ನೆಲದಲ್ಲಿ ಬಿರುಕು ಬಿಟ್ಟ ಬಂಡೆ ಇದ್ದರೆ ಇನ್ನೂ ದೂರವಿರಲಿ. ಬಾವಿ ಎತ್ತರದಲ್ಲಿ, ಗುಂಡಿ ತಗ್ಗಿನಲ್ಲಿ ಇರಬೇಕೇ ಹೊರತು ತಿರುಗುಮುರುಗಾಗಬಾರದು. ಬಾವಿಗೆ ಎರಡೂವರೆ ಅಡಿ ಕಟ್ಟೆ, ಸುತ್ತ ಮೂರು ಅಡಿ ಅಗಲದ ಗಾರೆ ನೆಲ, ಚೆಲ್ಲಿದ ನೀರು ದೂರ ಹರಿದು ಹೋಗಲು ಕಾಲುವೆ, ಇಷ್ಟು ಬೇಕು.

ಸೇದುವ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಲೆಕ್ಕ ಹೀಗಿದೆ. ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ನೀರಿನ ಆಳದಿಂದಲೂ ಆಮೇಲೆ 785ರಿಂದಲೂ ಗುಣಿಸಿದರೆ ನೀರು ಎಷ್ಟು ಲೀಟರು ಎಂಬುದು ಸಿಗುತ್ತದೆ. ಅಡ್ಡಗಲ 3 ಮೀಟರು, ನೀರಿನ ಆಳ 2 ಮೀಟರು ಇದ್ದರೆ 14,130 ಲೀಟರಾಯಿತು. 1,000 ಲೀಟರಿಗೆ ಎರಡೂವರೆ ಗ್ರಾಮಿನಂತೆ ಸುಮಾರು 35 ಗ್ರಾಂ ಹೊಸ ಪುಡಿ ಬೇಕು. ಅದನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು ಚೆನ್ನಾಗಿ ಕಲಕಿ. ಕಡೇ ಪಕ್ಷ ಒಂದು ಗಂಟೆ ಕಾಲ ಯಾರೂ ಸೇದಬಾರದು. ರಾತ್ರಿ ಹಾಕಿದರೆ ಬೆಳಗಿನ ನೀರಿಗೆ ತೊಂದರೆಯಿಲ್ಲ. ಮನೆಯಲ್ಲಾದರೆ ನೀರನ್ನು ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ.

ಎರಡನೆಯದು ನೈಟ್ರೇಟು. ಇದು ನಮ್ಮ ಹೊಲದಿಂದಲೇ, ತಿಪ್ಪೆಯಿಂದಲೇ, ಶೌಚದ ಗುಂಡಿಯಿಂದಲೇ ಹೊರಡುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 21 ಕಿಲೋ ಸಾರಜನಕವಿದೆ. ಪೈರು ಉಂಡಷ್ಟು ಉಂಡೀತು. ಮಿಕ್ಕದ್ದರಲ್ಲಿ ಬಹುಪಾಲು ಮಣ್ಣಿನಲ್ಲಿ ನೈಟ್ರೇಟಾಗುತ್ತದೆ. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳದು. ಮಳೆ ಬಿದ್ದರೆ, ನೀರು ಹೆಚ್ಚಾಗಿ ಕಟ್ಟಿದರೆ ಕೆಳಕ್ಕೆ ಇಳಿದೇ ಇಳಿಯುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ನೈಟ್ರೇಟು 45 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ನಿಯಮ.

ಇದರ ಏಟು ಬೀಳುವುದು ಆರು ತಿಂಗಳೊಳಗಿನ ಕೂಸಿನ ಮೇಲೆ. ಡಬ್ಬಿ ಹಾಲಿನ ಪುಡಿಯನ್ನು ಇಂಥ ನೀರಿನಲ್ಲಿ ಕಲಸಿ ಕುಡಿಸಿದರೆ ಮಗುವಿನ ರಕ್ತ ಪ್ರಾಣವಾಯುವನ್ನು ಸರಿಯಾಗಿ ಹೊರಲಾರದೆ ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದಲ್ಲಿ ಕಾಮ್ಲಿ ಎಂಬ ವೈದ್ಯರು ರೈತರ ಮನೆಯ ಬಾವಿ ನೀರಿನಿಂದ ಹೀಗಾಗುವುದನ್ನು ಬರೆದು ಲೋಕಕ್ಕೆ ತಿಳಿಸಿದರು. ತಾಯಂದಿರು ಇಲ್ಲೊಂದು ಮಾತು ನೆನಪಿಡಬೇಕು: ಕುದಿಸುವುದರಿಂದ ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ನೈಟ್ರೇಟು ಉಳಿದು ಇನ್ನೂ ಗಟ್ಟಿಯಾಗುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲೇ ಕೂಸಿಗೆ ರಕ್ಷೆ. ರೈತರು ಮಣ್ಣು ಪರೀಕ್ಷೆಯ ಚೀಟಿ ನೋಡಿ ಬೇಕಾದಷ್ಟೇ ಯೂರಿಯಾವನ್ನು ಎರಡು ಮೂರು ಕಂತಿನಲ್ಲಿ ಕೊಡಲಿ. ದುಡ್ಡೂ ಉಳಿಯಿತು, ಬಾವಿಯೂ ಉಳಿಯಿತು.

ಹಾಗೆಯೇ ಔಷಧಿ ಹೊಡೆದ ಪಂಪನ್ನು ಬಾವಿಕಟ್ಟೆಯಲ್ಲೋ ಕೆರೆಯಲ್ಲೋ ತೊಳೆಯಬೇಡಿ. ಖಾಲಿ ಬಾಟಲನ್ನು ಮೂರು ಸಲ ಗಲಬರಿಸಿ ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿಯಿರಿ. ಆಮೇಲೆ ಬಾಟಲಿಗೆ ತೂತು ಮಾಡಿ, ಮತ್ತೆ ಯಾರೂ ಬಳಸದಂತೆ.

ಮೂರನೆಯದು ಫ್ಲೋರೈಡು. ಇದನ್ನು ಯಾರೂ ತಂದು ಹಾಕಿದ್ದಲ್ಲ, ಕಲ್ಲಿನಿಂದಲೇ ನೀರಿಗೆ ಬಿಡುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಬಯಲುಸೀಮೆಯ ಕಡೆ ಆಳದ ಕೊಳವೆ ಬಾವಿಗಳಲ್ಲಿ ಇದರ ಕಾಟವುಂಟು. ಲೀಟರಿಗೆ 1 ಮಿಲಿಗ್ರಾಂ ಇದರ ಮಿತಿ. ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಅವಕಾಶ. ಮಿತಿ ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡುತ್ತವೆ. ಬಹುಕಾಲ ಹೆಚ್ಚಾಗಿ ಕುಡಿದವರಿಗೆ ಕೀಲು ಬಿಗಿದು, ಬೆನ್ನು ಬಗ್ಗದಂತಾಗುತ್ತದೆ. ಕೆಟ್ಟ ಮೂಳೆಯನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಕುದಿಸಿದರೂ, ಬ್ಲೀಚಿಂಗ್ ಪುಡಿ ಹಾಕಿದರೂ ಫ್ಲೋರೈಡು ಹೋಗುವುದಿಲ್ಲ.

ಹಂಗಾದ್ರೆ ದಾರಿ ಯಾವುದು ಅಂತೀರಾ? ದಾರಿ ತಲೆಯ ಮೇಲೇ ಇದೆ. ಮಳೆನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ. 20 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರು. ಐದನೇ ಒಂದು ಪಾಲು ಪೋಲಾಯಿತೆಂದರೂ 8,000 ಲೀಟರು ಉಳಿಯಿತು. ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರಂತೆ ಹಿಡಿದರೆ ಒಂದು ವರ್ಷ ಮೀರಿ ಬರುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಹಿಡಿಯಿರಿ. ಕುಡಿಯುವ ಮುಂಚೆ ಕುದಿಸಿ. ಊರಿನಲ್ಲಿ ಶುದ್ಧ ನೀರಿನ ಘಟಕವಿದ್ದರೆ ಅದರ ನೀರನ್ನು ಬಳಸಬಹುದು. ಆದರೆ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಬಾವಿಯ ಬಳಿ ಇಂಗಲು ಬಿಡಬೇಡಿ.

“ನಮ್ಮ ಅಜ್ಜ ಮುತ್ತಜ್ಜ ಇದೇ ಊರ ನೀರು ಕುಡಿದರಲ್ಲ ಸ್ವಾಮಿ, ಅವರಿಗೇನಾಯ್ತು?” ಎಂದು ಕೇಳುವವರಿದ್ದಾರೆ. ವಾಂತಿಭೇದಿ ಬಂದು ಊರಿಗೆ ಊರೇ ಖಾಲಿಯಾದ ಕಥೆಯನ್ನು ಮನೆಯ ಹಿರಿಯರು ಹೇಳಿಯಾರು. ಮೇಲಾಗಿ ಮುತ್ತಜ್ಜನ ಕಾಲದಲ್ಲಿ ಯೂರಿಯಾ ಚೀಲವಿರಲಿಲ್ಲ, ಎಂಟುನೂರು ಅಡಿಯ ಕೊಳವೆ ಬಾವಿಯೂ ಇರಲಿಲ್ಲ. ಊರು ಅದೇ, ನೀರು ಅದೇ ಅಲ್ಲ.

ಯಾವ ಬಾವಿಯಲ್ಲಿ ಯಾವ ಶತ್ರು ಇದೆ ಎಂಬುದು ಪರೀಕ್ಷೆಯಿಂದಲೇ ಗೊತ್ತಾಗಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಪೆಟ್ಟಿಗೆ ಬಳಸುವ ತರಬೇತಿಗೆ ಅವಕಾಶವಿದೆ. ನಿಮ್ಮೂರಲ್ಲಿ ಆ ಐವರು ಯಾರು? ಗ್ರಾಮಸಭೆಯಲ್ಲಿ ಕೇಳಿ. ವರ್ಷಕ್ಕೊಮ್ಮೆ ಲವಣಗಳಿಗೆ, ಮಳೆಗಾಲದ ಮುಂಚೆಯೂ ಆಮೇಲೂ ಎರಡು ಸಲ ರೋಗಾಣುವಿಗೆ ಪರೀಕ್ಷೆ ನಡೆಯಲಿ. ಬಂದ ಫಲಿತಾಂಶವನ್ನು ಪಂಚಾಯ್ತಿ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಸಿ. ಬಾವಿ ಒಬ್ಬರದಾದರೂ ನೆಲದಡಿಯ ನೀರಿಗೆ ಬೇಲಿಯಿಲ್ಲ. ಒಬ್ಬನ ಹಿತ್ತಲಲ್ಲಿ ಇಂಗಿದ್ದು ಪಕ್ಕದ ಮನೆಯ ಕೂಸಿನ ಲೋಟಕ್ಕೆ ಬಂದೀತು. ಈ ಮಾತು ಎಲ್ಲರ ಮನಸ್ಸಿನಲ್ಲಿರಲಿ.