ಪರೀಕ್ಷೆಯ ಹಿಂದಿನ ರಾತ್ರಿ ಧ್ಯಾನ ಮಾಡಿದರೆ ಏನಾಗುತ್ತೆ?

ಮೇರಿಲ್ಯಾಂಡ್ ರಾಜ್ಯದ ಜರ್ಮನ್‌ಟೌನ್‌ನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಮೈಂಡ್‌ಫುಲ್‌ನೆಸ್. ಅಮೆರಿಕದ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಪರೀಕ್ಷೆಯ ವಾರ ಹತ್ತಿರ ಬಂದ ಕೂಡಲೇ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಒಂದು ಇ-ಮೇಲ್ ಬರುತ್ತೆ: ಒತ್ತಡವೇ? ಬನ್ನಿ, ಧ್ಯಾನ ಮಾಡೋಣ. ಊರಿಂದ ಫೋನ್ ಮಾಡಿದ ಅಮ್ಮ ಕೂಡ ಅದನ್ನೇ ಹೇಳ್ತಾರೆ. ಇದರಲ್ಲಿ ನಿಜ ಎಷ್ಟು, ಪ್ರಚಾರ ಎಷ್ಟು ಅಂತ ಇವತ್ತು ನೋಡೋಣ.

ಮೊದಲು ನನ್ನ ಸೋಲನ್ನೇ ಹೇಳಿಬಿಡ್ತೀನಿ. ಪಿಎಚ್‌ಡಿ ಎರಡನೇ ವರ್ಷ, ಮರುದಿನ ಬೆಳಿಗ್ಗೆ ಕ್ವಾಲಿಫೈಯಿಂಗ್ ಪರೀಕ್ಷೆ. ರಾತ್ರಿ ಒಂದು ಗಂಟೆಗೆ ಫೋನಿನಲ್ಲಿ ಒಂದು ಧ್ಯಾನದ ಆ್ಯಪ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ಉಸಿರು ಗಮನಿಸಿ ಅಂದರು, ಗಮನಿಸಿದೆ. ಎದೆ ಹೊಡೆದುಕೊಳ್ಳೋದು ಇನ್ನೂ ಜೋರಾಗಿ ಕೇಳಿಸಿತು, ಅಷ್ಟೇ! ಹತ್ತು ನಿಮಿಷಕ್ಕೆ ಎದ್ದುಬಿಟ್ಟೆ. ಇದೆಲ್ಲ ಬೊಗಳೆ ಅಂತ ತೀರ್ಮಾನ ಮಾಡಿದ್ದೆ. ಆ ತೀರ್ಮಾನ ಅರ್ಧ ತಪ್ಪು ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ಮೈಂಡ್‌ಫುಲ್‌ನೆಸ್ ಅಂದ್ರೆ ಏನು? ಈ ಕ್ಷಣ ಏನು ನಡೀತಾ ಇದೆಯೋ ಅದನ್ನು ಒಳ್ಳೆಯದು ಕೆಟ್ಟದ್ದು ಅಂತ ತೀರ್ಪು ಕೊಡದೆ ಗಮನಿಸೋದು. ಬೌದ್ಧ ಪರಂಪರೆಯಲ್ಲಿ, ಪಾಲಿ ಭಾಷೆಯಲ್ಲಿ, ಇದಕ್ಕೆ ‘ಸತಿ’ ಅಂತಾರೆ. ಸಂಸ್ಕೃತದ ‘ಸ್ಮೃತಿ’ ಅದೇ ಪದ. ಕನ್ನಡದಲ್ಲಿ ಹತ್ತಿರದ ಪದ ‘ಅವಧಾನ’. ಅಷ್ಟಾವಧಾನದಲ್ಲಿ ಅವಧಾನಿಗಳು ಎಂಟು ಜನರ ಕಡೆ ಗಮನ ಹಂಚುತ್ತಾರಲ್ಲ, ಇಲ್ಲಿ ಅದರ ಉಲ್ಟಾ: ಒಂದೇ ಕಡೆ ಗಮನ. ಅದು ಜಾರುತ್ತೆ, ಮತ್ತೆ ತರಬೇಕು. ಮತ್ತೆ ಜಾರುತ್ತೆ, ಮತ್ತೆ ತರಬೇಕು. ಹಾಗೆ ವಾಪಸ್ ತರೋದೇ ಅಭ್ಯಾಸ. ಮನಸ್ಸು ಖಾಲಿ ಮಾಡಬೇಕು ಅನ್ನೋದು ತಪ್ಪು ಕಲ್ಪನೆ.

ಇದನ್ನು ಆಸ್ಪತ್ರೆಯ ಒಳಗೆ ತಂದವರು ಜಾನ್ ಕಬಾಟ್-ಝಿನ್. ನಮ್ಮ ಜೀವಶಾಸ್ತ್ರದವರೇ! ಎಂಐಟಿಯಲ್ಲಿ ಅಣುಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ದೀರ್ಘಕಾಲದ ನೋವಿನಿಂದ ನರಳುತ್ತಿದ್ದ ರೋಗಿಗಳಿಗಾಗಿ ಒಂದು ತರಬೇತಿ ಶುರು ಮಾಡಿದರು. ಎಂಬಿಎಸ್‌ಆರ್ ಅಂತ ಅದರ ಹೆಸರು. ಧರ್ಮದ ಚೌಕಟ್ಟಿನಿಂದ ಹೊರಗೆ ತಂದು, ಅಳೆಯೋದಕ್ಕೆ ಆಗುವ ರೂಪ ಕೊಟ್ಟರು. ಇವತ್ತಿನ ಹೆಚ್ಚಿನ ಸಂಶೋಧನೆ ನಡೆದಿರುವುದು ಈ ಮಾದರಿಯ ಮೇಲೆ.

ಈಗ ನಮ್ಮ ಮನೆಯ ಹತ್ತಿರದ ಉದಾಹರಣೆಗೆ ಬರೋಣ. ನಾನಿರೋದು ಜರ್ಮನ್‌ಟೌನ್, ಇದು ಜಾರ್ಜ್‌ಟೌನ್. ಹೆಸರು ಕೇಳಿ ಗಲಿಬಿಲಿ ಮಾಡ್ಕೋಬೇಡಿ. ವಾಷಿಂಗ್ಟನ್ ಡಿಸಿಯ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಒಂದು ಐಚ್ಛಿಕ ಕೋರ್ಸ್ ಕೊಡುತ್ತೆ. ಸಣ್ಣ ಗುಂಪು, ವಾರಕ್ಕೊಮ್ಮೆ ಭೇಟಿ. ಧ್ಯಾನವೂ ಉಂಟು, ದೇಹವನ್ನು ಸಡಿಲಿಸುವ ಬೇರೆ ವಿಧಾನಗಳೂ ಉಂಟು. ಗುಂಪನ್ನು ನಡೆಸೋದು ತರಬೇತಿ ಪಡೆದ ಅಧ್ಯಾಪಕರೇ. ಅಂದ್ರೆ ಮೇಷ್ಟ್ರೂ ಕಣ್ಣು ಮುಚ್ಚಿ ಕೂರಬೇಕು.

ಅಲ್ಲಿನ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ವರ್ಷದ ವಿದ್ಯಾರ್ಥಿಗಳ ಎಂಜಲಿನ ಮಾದರಿಯನ್ನು ಎರಡು ಸಲ ತೆಗೆದುಕೊಂಡರು: ಜನವರಿಯಲ್ಲಿ ಕೋರ್ಸ್ ಶುರುವಾಗುವ ಮುಂಚೆ, ಆಮೇಲೆ ಮೇ ತಿಂಗಳಲ್ಲಿ, ಸರಿಯಾಗಿ ಅಂತಿಮ ಪರೀಕ್ಷೆಯ ಸಮಯದಲ್ಲಿ. ಅಳೆದ ಹಾರ್ಮೋನುಗಳಲ್ಲಿ ಮುಖ್ಯವಾದದ್ದು ಕಾರ್ಟಿಸಾಲ್.

ಕಾರ್ಟಿಸಾಲ್ ಬಗ್ಗೆ ಒಂದು ಮಾತು. ಮೆದುಳಿನ ಹೈಪೊಥಲಾಮಸ್ ‘ಅಪಾಯ’ ಅಂತ ಸುದ್ದಿ ಕಳಿಸುತ್ತೆ, ಪಿಟ್ಯುಟರಿ ಗ್ರಂಥಿ ಅದನ್ನು ರಕ್ತಕ್ಕೆ ದಾಟಿಸುತ್ತೆ, ಮೂತ್ರಪಿಂಡದ ತಲೆ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಬಿಡುಗಡೆ ಮಾಡುತ್ತೆ. ರಕ್ತದಲ್ಲಿ ಸಕ್ಕರೆ ಏರುತ್ತೆ, ದೇಹ ಓಡೋದಕ್ಕೆ ಸಿದ್ಧ. ಇದು ಶತ್ರು ಅಲ್ಲ. ಬೆಳಿಗ್ಗೆ ನಮ್ಮನ್ನು ಹಾಸಿಗೆಯಿಂದ ಎಬ್ಬಿಸೋದರಲ್ಲೂ ಇದರ ಪಾಲಿದೆ. ತೊಂದರೆ ಶುರುವಾಗೋದು, ಓಡಬೇಕಾದ ಹುಲಿ ಎದುರಿಗೆ ಇಲ್ಲದೆ ತಲೆಯೊಳಗೇ ಕೂತಿದ್ದಾಗ. ಆ ಹುಲಿ ಸಂಜೆ ಆದರೂ ಹೋಗಲ್ಲ.

ಫಲಿತಾಂಶ ಹೀಗಿತ್ತು. ಜನವರಿಯ ಬೆಳಗಿನ ಕಾರ್ಟಿಸಾಲನ್ನು 100 ಅಂತ ಇಟ್ಟುಕೊಳ್ಳಿ. ಪರೀಕ್ಷೆ ಬಂದಾಗ ಕೋರ್ಸ್ ಸೇರದವರಲ್ಲಿ ಅದು ಸರಾಸರಿ 239. ಸೇರಿದವರಲ್ಲಿ 97. ಹೆಚ್ಚುಕಡಿಮೆ ಇದ್ದಲ್ಲೇ ಇತ್ತು!

ಚಪ್ಪಾಳೆ ಹೊಡೆಯೋಕೆ ಮುಂಚೆ ಸ್ವಲ್ಪ ತಡೀರಿ. ಇದು ಸಣ್ಣ ಅಧ್ಯಯನ. ಅದಕ್ಕಿಂತ ಮುಖ್ಯವಾಗಿ, ಕೋರ್ಸ್ ಐಚ್ಛಿಕ. ಸೇರಿದವರು ತಾವಾಗಿ ಬಯಸಿ ಸೇರಿದವರು. ಅವರು ಮೊದಲಿನಿಂದಲೂ ಒತ್ತಡವನ್ನು ಬೇರೆ ರೀತಿ ನಿಭಾಯಿಸುವವರೇ ಆಗಿದ್ದಿರಬಹುದಲ್ವಾ? ಈ ಸಂಶಯ ಹೋಗಬೇಕಾದರೆ ಯಾರು ಯಾವ ಗುಂಪು ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರ ಆಗಬೇಕು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅದನ್ನೇ ಮಾಡಿದರು. 616 ವಿದ್ಯಾರ್ಥಿಗಳು. ಅರ್ಧ ಜನಕ್ಕೆ ಯಾವತ್ತಿನ ಕೌನ್ಸೆಲಿಂಗ್ ಸೌಲಭ್ಯ, ಇನ್ನರ್ಧ ಜನಕ್ಕೆ ಅದರ ಜೊತೆಗೆ 8 ವಾರಗಳ ಮೈಂಡ್‌ಫುಲ್‌ನೆಸ್ ತರಗತಿ. ಮನೆಯಲ್ಲಿ ದಿನಕ್ಕೆ 8 ನಿಮಿಷದಿಂದ ಶುರು ಮಾಡಿ ಸುಮಾರು 25 ನಿಮಿಷದವರೆಗೆ ಅಭ್ಯಾಸ. ತರಗತಿಗಳು ಮುಗಿದು, ಆಮೇಲೆ ಪರೀಕ್ಷೆ ಬಂತು. ತೀವ್ರ ಮಾನಸಿಕ ಸಂಕಟ ಅಂತ ವೈದ್ಯರು ಪರಿಗಣಿಸುವ ಗೆರೆಯನ್ನು ದಾಟಿದವರು ಮೊದಲ ಗುಂಪಿನಲ್ಲಿ 57 ಶೇಕಡಾ, ತರಗತಿಗೆ ಹೋದ ಗುಂಪಿನಲ್ಲಿ 37 ಶೇಕಡಾ. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಂಕ ಜಾಸ್ತಿ ಬಂತು ಅಂತ ಮಾತ್ರ ಖಚಿತವಾಗಿ ತೋರಿಸೋಕೆ ಆಗಲಿಲ್ಲ. ಮತ್ತೆ, ತಾವು ಯಾವ ಗುಂಪು ಅಂತ ವಿದ್ಯಾರ್ಥಿಗಳಿಗೆ ಗೊತ್ತೇ ಇತ್ತು. ಔಷಧದ ಪರೀಕ್ಷೆಯಲ್ಲಿ ಸುಳ್ಳು ಗುಳಿಗೆ ಕೊಟ್ಟ ಹಾಗೆ ಸುಳ್ಳು ಧ್ಯಾನ ಕೊಡೋದು ಕಷ್ಟ.

ಎರಡೂ ಕಡೆ ಒಂದು ವಿಷಯ ಗಮನಿಸಿದಿರಾ? ಅಭ್ಯಾಸ ಮೊದಲು, ಪರೀಕ್ಷೆ ಆಮೇಲೆ. ನಮ್ಮಲ್ಲಿ ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಅಂತ ಗೇಲಿ ಮಾಡ್ತೀವಲ್ಲ, ಆ ರಾತ್ರಿ ನಾನು ಮಾಡಿದ್ದು ಅದನ್ನೇ. ಲ್ಯಾಬಿಗೆ ಬಂದ ಹೊಸ ವಿದ್ಯಾರ್ಥಿಯ ಕೈಗೆ ನಾವು ಮೊದಲ ದಿನವೇ ಅಮೂಲ್ಯ ಡಿಎನ್‌ಎ ಮಾದರಿ ಕೊಡಲ್ಲ. ಬಣ್ಣದ ನೀರು ಕೊಟ್ಟು ಪಿಪೆಟ್ ಹಿಡಿಯೋದು ಕಲಿಸ್ತೀವಿ. ಗಮನವೂ ಹಾಗೇ. ಏನೂ ತೊಂದರೆ ಇಲ್ಲದ ಮಂಗಳವಾರ ಬೆಳಿಗ್ಗೆ ಬಣ್ಣದ ನೀರಿನಲ್ಲಿ ಕಲಿತರೆ, ‘ನಾಳೆ ಫೇಲ್ ಆದರೆ?’ ಅನ್ನೋ ಯೋಚನೆ ಬಂದಾಗ, ಇದು ಬರೀ ಯೋಚನೆ, ನಡೆದ ಘಟನೆ ಅಲ್ಲ ಅಂತ ಗುರುತಿಸೋಕೆ ಆಗುತ್ತೆ.

ಇನ್ನು ಪ್ರಚಾರದ ಭಾಗ. ‘8 ವಾರದಲ್ಲಿ ಮೆದುಳಿನ ರಚನೆಯೇ ಬದಲಾಗುತ್ತೆ’ ಅಂತ ಕೇಳಿರ್ತೀರಿ. ಹೆಚ್ಚಾಗಿ ಇದಕ್ಕೆ ಆಧಾರವಾಗಿ ತೋರಿಸೋದು 2011ರ ಒಂದು ಅಧ್ಯಯನವನ್ನು. ಅದರಲ್ಲಿ ತರಬೇತಿ ಪಡೆದವರು 16 ಜನ. 2022ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು 200ಕ್ಕೂ ಹೆಚ್ಚು ಜನರ ಮೇಲೆ ನೋಡಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಅದೇ ವರ್ಷ ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶವೂ ಬಂತು. ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ ಪಾಠ ಮಾಡಿದ್ದರಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಆಗಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ. ಮಕ್ಕಳನ್ನು ಕಿವಿ ಹಿಂಡಿ ಧ್ಯಾನಕ್ಕೆ ಕೂರಿಸುವ ಅಪ್ಪ-ಅಮ್ಮಂದಿರು ಇದನ್ನು ನೆನಪಿಟ್ಟುಕೊಳ್ಳಿ.

ವಿಶ್ವವಿದ್ಯಾಲಯಗಳೂ ಒಂದು ಮಾತು ಕೇಳಿಸಿಕೊಳ್ಳಬೇಕು. ಪೋಸ್ಟ್‌ಡಾಕ್‌ಗೆ ವೀಸಾ ಮುಗಿಯೋ ಚಿಂತೆ, ಸಹಾಯಕ ಪ್ರಾಧ್ಯಾಪಕರಿಗೆ ಅನುದಾನದ ಚಿಂತೆ, ವಿದ್ಯಾರ್ಥಿಗೆ ಬಾಡಿಗೆಯ ಚಿಂತೆ. ಇವು ಉಸಿರು ಗಮನಿಸಿದರೆ ಕರಗೋ ಚಿಂತೆಗಳಲ್ಲ. ಧ್ಯಾನದ ಕೊಠಡಿ ಕಟ್ಟಿಸಿ, ಭಾನುವಾರ ರಾತ್ರಿ ಇ-ಮೇಲ್ ಕಳಿಸೋದನ್ನು ಮುಂದುವರಿಸಿದರೆ ಅದು ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟ ಹಾಗೆ. ಬಕೆಟ್ ಬೇಕು, ನಿಜ. ಮಾಡೂ ರಿಪೇರಿ ಆಗಬೇಕು.

ಹಾಗಾದರೆ ನೀವೇನು ಮಾಡಬಹುದು? ಸೆಮಿಸ್ಟರ್ ಶುರುವಾಗುವ ವಾರವೇ ಆರಂಭಿಸಿ. ಕುರ್ಚಿಯ ಮೇಲೆ ಕೂತರೂ ಸಾಕು. ಮೂಗಿನ ತುದಿಯಲ್ಲೋ ಹೊಟ್ಟೆಯ ಹತ್ತಿರವೋ ಉಸಿರು ಎಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತೋ ಅಲ್ಲಿ ಗಮನ ಇಡಿ. ಗಮನ ಜಾರಿದ್ದು ಗೊತ್ತಾದಾಗ ಬೈದುಕೊಳ್ಳದೆ ವಾಪಸ್ ತನ್ನಿ. ದಿನಕ್ಕೆ 8 ನಿಮಿಷ, 8 ವಾರ. ಒಬ್ಬರೇ ಆಗಲ್ಲ ಅನ್ನಿಸಿದರೆ ಗುಂಪು ಸೇರಿ.

ಕೊನೆಗೆ ಒಂದು ಎಚ್ಚರಿಕೆ. ಹಿಂದೆ ದೊಡ್ಡ ಆಘಾತ ಅನುಭವಿಸಿದ ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಕಳವಳ ಹೆಚ್ಚಾಗಬಹುದು. ಹಾಗಾದರೆ ನಿಲ್ಲಿಸಿ, ಅದು ನಿಮ್ಮ ಸೋಲಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಧ್ಯಾನದ ಆ್ಯಪ್ ಬೇಡ, ಮನುಷ್ಯರ ಜೊತೆ ಮಾತಾಡಿ. ಅಮೆರಿಕದಲ್ಲಿ 988, ಭಾರತದಲ್ಲಿ ಟೆಲಿ-ಮಾನಸ್ 14416. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನಿಮ್ಮಲ್ಲಿ ಯಾರಿಗಾದರೂ ಮೇ ತಿಂಗಳಲ್ಲಿ ಪರೀಕ್ಷೆ ಇದ್ದರೆ, ಈ ಸಂಚಿಕೆಯನ್ನು ಜನವರಿಯಲ್ಲಿ ಕೇಳಿಸಿಕೊಳ್ಳಿ.