ರೋಟರಿ ಎಂಜಿನಿನ ನಾಡಿಪರೀಕ್ಷೆ

ವಯಸ್ಸಾದ ಮೋಟಾರು ಕಾರೊಂದು ಮುಂಜಾನೆ ಚಾಲೂ ಆಗಲು ಹಟ ಹಿಡಿಯುತ್ತದೆ. ಏರಿನಲ್ಲಿ ಅದಕ್ಕೆ ದಮ್ಮು ಸಾಲದು. ಪೆಟ್ರೋಲನ್ನು ಮಾತ್ರ ಮೊದಲಿಗಿಂತ ಹೆಚ್ಚಾಗಿ ಕುಡಿಯುತ್ತದೆ. ಇಂಥ ಕಾರನ್ನು ಕಂಡ ಮೆಕ್ಯಾನಿಕನು ಮೊದಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರಕ್ಕೆ ಒತ್ತಡಮಾಪಕವೊಂದನ್ನು ಸಿಕ್ಕಿಸಿ, ಸ್ಟಾರ್ಟರಿನಿಂದ ಎಂಜಿನನ್ನು ತಿರುಗಿಸಿ ನೋಡುತ್ತಾನೆ. ಒಳಗೆ ಸೇರಿದ ಗಾಳಿಯನ್ನು ಎಂಜಿನು ಎಷ್ಟು ಬಲವಾಗಿ ಅದುಮಬಲ್ಲುದೆಂಬುದು ಮಾಪಕದ ಮುಳ್ಳಿನಿಂದ ತಿಳಿಯುತ್ತದೆ. ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಪಂಪಿನೊಳಗಿನ ತೊಗಲು ಸವೆದಿದ್ದರೆ ಗಾಳಿ ಪಕ್ಕದಿಂದ ನುಸುಳಿಹೋಗಿ ಬೆರಳಿಗೆ ಒತ್ತಡವೇ ತಗಲದು. ಎಂಜಿನಿನಲ್ಲಿಯೂ ಹಾಗೆಯೇ. ಅದುಮುವ ಈ ಕ್ರಿಯೆಗೆ ಸಂಪೀಡನವೆಂದು ಹೆಸರು. ಸಂಪೀಡನ ಕುಗ್ಗಿದರೆ ದಹನ ದುರ್ಬಲವಾಗುತ್ತದೆ, ಶಕ್ತಿ ಕುಗ್ಗುತ್ತದೆ.

ಕೊಂತವು ಮೇಲಕ್ಕೂ ಕೆಳಕ್ಕೂ ಆಡುವ ಸಾಮಾನ್ಯ ಎಂಜಿನಿನಲ್ಲಿ ಈ ಪರೀಕ್ಷೆ ಸರಳವಾದುದು: ಒಂದು ಸಿಲಿಂಡರು, ಒಂದು ಪ್ಲಗ್ಗಿನ ರಂಧ್ರ, ಒಂದು ಅಂಕಿ. ಆದರೆ ಕೊಂತವೇ ಇಲ್ಲದ ಎಂಜಿನೊಂದುಂಟು. ಅದರ ಮುಂದೆ ಇದೇ ಮಾಪಕವು ಸುಳ್ಳು ಹೇಳಬಲ್ಲುದು. ಆ ಸುಳ್ಳನ್ನು ನಂಬಿ ಒಳ್ಳೆಯ ಎಂಜಿನುಗಳನ್ನು ಬಿಚ್ಚಿ ಹಾಕಿದವರೂ ಇದ್ದಾರೆ, ಕೆಟ್ಟ ಎಂಜಿನನ್ನು ಒಳ್ಳೆಯದೆಂದು ಕೊಂಡವರೂ ಇದ್ದಾರೆ.

ಆ ಎಂಜಿನಿನ ಕಲ್ಪನೆ ಜರ್ಮನಿಯ ಫೆಲಿಕ್ಸ್ ವಾಂಕೆಲನದು. 1929ರಲ್ಲಿಯೇ ಆತ ಮೊದಲ ಪೇಟೆಂಟನ್ನು ಪಡೆದಿದ್ದರೂ ಎನ್‌ಎಸ್‌ಯು ಕಂಪನಿಯಲ್ಲಿ ಎಂಜಿನು ನಿಜವಾಗಿ ಓಡಿದ್ದು 1957ರಲ್ಲಿ. ಜಪಾನಿನ ಹಿರೋಷಿಮಾದ ಟೋಯೋ ಕೋಗ್ಯೋ, ಎಂದರೆ ಮುಂದೆ ಮಾಜ್ದಾ ಎಂಬ ಹೆಸರನ್ನೇ ತಳೆದ ಕಂಪನಿ, ಇದರ ಹಕ್ಕನ್ನು ಪಡೆದು 1967ರಲ್ಲಿ ಕಾಸ್ಮೋ ಸ್ಪೋರ್ಟ್ ಎಂಬ ಕಾರನ್ನೂ, 1978ರಲ್ಲಿ ಆರ್‌ಎಕ್ಸ್-7 ಎಂಬ ಕಾರನ್ನೂ ಹೊರತಂದಿತು. ನಮ್ಮ ನಾಡಿಗೂ ಈ ಜಾತಿಯ ಎಂಜಿನು ತೀರ ಅಪರಿಚಿತವಲ್ಲ. 2009ರಲ್ಲಿ ಕೋಲಾರದ ಬಳಿಯ ಹಳೆಯ ಓಡುದಾರಿಯೊಂದರಿಂದ ಮೇಲೇರಿದ ‘ನಿಶಾಂತ್’ ಎಂಬ ಚಾಲಕರಹಿತ ವಿಮಾನವನ್ನು ಹಾರಿಸಿದ್ದು ದೇಶದಲ್ಲಿಯೇ ತಯಾರಾದ ವಾಂಕೆಲ್ ಎಂಜಿನು.

ಈ ಎಂಜಿನಿನ ಹೊರಕೋಶದ ಒಳಗೋಡೆ ನಡುವಿನಲ್ಲಿ ತುಸು ಕುಗ್ಗಿದ ಅಂಡಾಕಾರದ್ದು. ಗಣಿತಜ್ಞರು ಆ ವಕ್ರರೇಖೆಯನ್ನು ಎಪಿಟ್ರೊಕಾಯ್ಡ್ ಎನ್ನುತ್ತಾರೆ. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರು ಸುತ್ತುತ್ತದೆ. ಅದರ ಮೂರು ಮೂಲೆಗಳೂ ಗೋಡೆಯನ್ನು ಸದಾ ಸವರುತ್ತಲೇ ಇರುತ್ತವೆ. ಹೀಗಾಗಿ ರೋಟರಿಗೂ ಗೋಡೆಗೂ ನಡುವೆ ಮೂರು ಕೋಣೆಗಳು ಏರ್ಪಡುತ್ತವೆ. ರೋಟರು ಸುತ್ತಿದಂತೆ ಪ್ರತಿಯೊಂದು ಕೋಣೆಯೂ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಹೀರುವುದು, ಅದುಮುವುದು, ಉರಿಸುವುದು, ಹೊರದೂಡುವುದು ಎಂಬ ನಾಲ್ಕು ಕ್ರಿಯೆಗಳೂ ಅಷ್ಟರಲ್ಲಿ ಮುಗಿಯುತ್ತವೆ. ರೋಟರು ಒಂದು ಸುತ್ತು ಸುತ್ತುವಷ್ಟರಲ್ಲಿ ಅದನ್ನು ಹೊತ್ತ ಉತ್ಕೇಂದ್ರ ದಂಡವು ಮೂರು ಸುತ್ತು ಸುತ್ತಿರುತ್ತದೆ. ಆದ್ದರಿಂದ ದಂಡದ ಒಂದೊಂದು ಸುತ್ತಿಗೂ ಒಂದೊಂದು ಕೋಣೆ ಸರದಿಯಂತೆ ಪ್ಲಗ್ಗಿನ ಮುಂದೆ ಬಂದು ತನ್ನ ಅನಿಲವನ್ನು ಅದುಮಿ ತೋರಿಸುತ್ತದೆ. ಈ ಸರದಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಪರೀಕ್ಷೆಯ ಮರ್ಮವೆಲ್ಲ ಇದರಲ್ಲಿಯೇ ಇದೆ.

ಸಾಮಾನ್ಯ ಮಾಪಕದ ಬಾಯಲ್ಲಿ ಒಂದು ಕವಾಟವಿರುತ್ತದೆ. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹಿಂದಕ್ಕೆ ಬಿಡದು. ಆದುದರಿಂದ ಮುಳ್ಳು ಎಲ್ಲಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನಿಂತುಬಿಡುತ್ತದೆ. ಒಂದು ಕೋಣೆ 100 ಪೌಂಡು ತೋರಿಸಿ, ಉಳಿದೆರಡು 50 ಮಾತ್ರ ತೋರಿಸುವಂತಿದ್ದರೂ ಮುಳ್ಳು ಹೇಳುವುದು 100 ಎಂದೇ. ಮೂವರು ಮಕ್ಕಳ ಪರೀಕ್ಷೆಯಲ್ಲಿ ಜಾಣನೊಬ್ಬನ ಅಂಕವನ್ನೇ ಮೂವರಿಗೂ ಬರೆದಂತಾಯಿತು! ಈ ಕಾರಣದಿಂದಲೇ ಮೂರು ಒತ್ತಡಗಳನ್ನೂ ಬೇರೆಬೇರೆಯಾಗಿ ದಾಖಲಿಸುವ ಮಾಪಕವೊಂದನ್ನು ಮಾಜ್ದಾ ಕಾರ್ಯಾಗಾರಗಳಲ್ಲಿ ಬಳಸುತ್ತಾರೆ. ಅದಿಲ್ಲದವರು ಸಾಮಾನ್ಯ ಮಾಪಕದ ಕವಾಟವನ್ನು ತೆಗೆದೋ, ಒತ್ತಡ ಬಿಡುವ ಗುಂಡಿಯನ್ನು ಒತ್ತಿ ಹಿಡಿದೋ ಎಂಜಿನನ್ನು ತಿರುಗಿಸುತ್ತಾರೆ. ಆಗ ಮುಳ್ಳು ಒಂದೆಡೆ ನಿಲ್ಲದೆ ನಾಡಿಯಂತೆ ಮಿಡಿಯುತ್ತದೆ. ನಿಮಿಷಕ್ಕೆ 250 ಸುತ್ತಿನ ವೇಗದಲ್ಲಿ ಸೆಕೆಂಡಿಗೆ ನಾಲ್ಕು ಮಿಡಿತಗಳು ಕಾಣುತ್ತವೆ. ಹಗುರವಾದ ಮುಳ್ಳಿಗೂ ಅಷ್ಟು ಬೇಗ ಪೂರ್ತಿ ಎತ್ತರಕ್ಕೆ ಏರಲು ಪುರಸತ್ತಿಲ್ಲ. ಆದ್ದರಿಂದ ಮಿಡಿತದ ಎತ್ತರವನ್ನು ನಂಬದೆ ಮೂರೂ ಸಮವಾಗಿವೆಯೇ ಎಂಬುದನ್ನಷ್ಟೇ ನೋಡಬೇಕು. ಅತಿ ಹೆಚ್ಚಿನ ಒತ್ತಡವೆಷ್ಟೆಂಬುದನ್ನು ಕವಾಟವನ್ನು ಮರಳಿ ಹಾಕಿ ಬೇರೆಯಾಗಿ ಅಳೆಯಬೇಕು.

ಎಂಜಿನು ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಪೆಟ್ರೋಲಿನ ಸರಬರಾಜನ್ನೂ ಕಿಡಿಯನ್ನೂ ಕಡ್ಡಾಯವಾಗಿ ತಪ್ಪಿಸಿರಬೇಕು. ತೆರೆದ ರಂಧ್ರದಿಂದ ಚಿಮ್ಮುವ ಪೆಟ್ರೋಲು ಹತ್ತಿಕೊಂಡರೆ ಕಾರಿನ ಚಿಂತೆ ಅಲ್ಲಿಗೇ ಮುಗಿಯಿತು. ಮೊದಲ ಪೀಳಿಗೆಯ ಆರ್‌ಎಕ್ಸ್-7 ಕಾರಿನ 12ಎ ಎಂಜಿನಿಗೆ ಕಾರ್ಯಾಗಾರದ ಕೈಪಿಡಿ ವಿಧಿಸಿದ ಮಿತಿ ಹೀಗೆ: ನಿಮಿಷಕ್ಕೆ 250 ಸುತ್ತಿನಲ್ಲಿ ಒತ್ತಡವು ಚದರ ಅಂಗುಲಕ್ಕೆ 85 ಪೌಂಡಿಗಿಂತ, ಎಂದರೆ ಚದರ ಸೆಂಟಿಮೀಟರಿಗೆ 6 ಕಿಲೋಗ್ರಾಮಿಗಿಂತ, ಕಡಮೆಯಿರಬಾರದು, ಮೂರು ಕೋಣೆಗಳ ನಡುವಣ ಅಂತರ 21 ಪೌಂಡನ್ನು ಮೀರಬಾರದು. ವೇಗವನ್ನು ಹೀಗೆ ಒತ್ತಿ ಹೇಳುವುದೇಕೆ? ಎಂಜಿನು ನಿಧಾನವಾಗಿ ತಿರುಗಿದಷ್ಟೂ ಸೋರಿಕೆಗೆ ಹೆಚ್ಚು ಕಾಲ ಸಿಗುತ್ತದೆ, ಅಂಕಿ ಇಳಿಯುತ್ತದೆ. ಎಡೆಯ ಎತ್ತರವನ್ನೂ ಗಣಿಸಬೇಕು. ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದಲ್ಲಿರುವ ಅಮೆರಿಕೆಯ ಡೆನ್ವರಿನಲ್ಲಿ ವಾಯುಭಾರವೇ ಸುಮಾರು ಆರನೆಯ ಒಂದು ಪಾಲು ಕಡಮೆ. ಆರೋಗ್ಯವಂತ ಎಂಜಿನು ಕೂಡ ಅಲ್ಲಿ ಅಷ್ಟೇ ಪ್ರಮಾಣದಲ್ಲಿ ಕಡಮೆ ತೋರಿಸುತ್ತದೆ. ದಣಿದ ಬ್ಯಾಟರಿಯನ್ನೂ ಬೆಟ್ಟದ ಗಾಳಿಯನ್ನೂ ಎಂಜಿನಿನ ರೋಗವೆಂದು ತಿಳಿಯಬಾರದಷ್ಟೆ.

ಮಿಡಿತಗಳ ವಿನ್ಯಾಸದಿಂದ ರೋಗದ ನೆಲೆಯನ್ನೂ ಊಹಿಸಬಹುದು. ಕೋಣೆ ಕೋಣೆಗಳನ್ನು ಬೇರ್ಪಡಿಸುವುದು ರೋಟರಿನ ಮೂಲೆಗಳಲ್ಲಿ ಗಾಡಿ ಕೊರೆದು ಕೂರಿಸಿದ ಮೂರು ಪಟ್ಟಿಗಳು. ಮೆಕ್ಯಾನಿಕರು ಇವನ್ನು ಅಪೆಕ್ಸ್ ಸೀಲ್ ಎನ್ನುತ್ತಾರೆ. ನಾವು ಮೂಲೆಪಟ್ಟಿ ಎನ್ನೋಣ. ಎರಡು ಗದ್ದೆಗಳ ನಡುವಿನ ಬದು ಒಡೆದರೆ ಎರಡು ಗದ್ದೆಗಳ ನೀರೂ ನಿಲ್ಲದಲ್ಲವೆ? ಅದರಂತೆ ಒಂದು ಮೂಲೆಪಟ್ಟಿ ಕೆಟ್ಟರೆ ಅದರ ಎರಡು ಪಕ್ಕದ ಕೋಣೆಗಳೂ ದುರ್ಬಲವಾಗುತ್ತವೆ: ಒಂದು ಬಲವಾದ ಮಿಡಿತ, ಎರಡು ಕ್ಷೀಣ ಮಿಡಿತ. ರೋಟರಿನ ಪಕ್ಕದ ಮುಖಗಳಲ್ಲಿರುವ ಸಣ್ಣ ಪಟ್ಟಿ ಕೆಟ್ಟರೆ ಸಾಮಾನ್ಯವಾಗಿ ಒಂದೇ ಕೋಣೆ ಸೊರಗುತ್ತದೆ. ಮೂರೂ ಸಮವಾಗಿ ಕುಗ್ಗಿದ್ದರೆ ಅದು ಮುಪ್ಪಿನ ಸವೆತವಿದ್ದೀತು. ಇಲ್ಲವೆ ಹೆಚ್ಚಾಗಿ ನುಗ್ಗಿದ ಪೆಟ್ರೋಲು ಗೋಡೆಯ ಎಣ್ಣೆಯನ್ನು ತೊಳೆದುಹಾಕಿರಬಹುದು. ಹಾಗಿದ್ದರೆ ಕೆಲವು ಹನಿ ಎಣ್ಣೆಯಿಂದಲೇ ಎಂಜಿನು ಚೇತರಿಸಿಕೊಳ್ಳುತ್ತದೆ.

ಪಟ್ಟಿ ಮುರಿಯದೆಯೂ ಸವೆಯದೆಯೂ ಸೋರಿಕೆಯಾಗುವುದುಂಟು. ಅದಕ್ಕೆ ಕಾರಣ ಮಸಿ. ಮೂಲೆಪಟ್ಟಿಯು ತನ್ನ ಗಾಡಿಯಲ್ಲಿ ಬಿಗಿಯಾಗಿ ಕುಳಿತಿರುವುದಿಲ್ಲ, ಕುಳಿತಿರಲೂಬಾರದು. ಕೆಳಗಿನ ಸ್ಪ್ರಿಂಗು ಅದನ್ನು ಹೊರಕ್ಕೆ ನೂಕುತ್ತದೆ. ಕೋಣೆಯ ಅನಿಲವೇ ಗಾಡಿಯೊಳಕ್ಕೆ ಇಳಿದು ಪಟ್ಟಿಯ ಬೆನ್ನನ್ನು ಒತ್ತಿ ಗೋಡೆಗೆ ಅಮುಕುತ್ತದೆ. ಎಂದರೆ ಯಾವ ಒತ್ತಡವನ್ನು ತಡೆಯಬೇಕೋ ಆ ಒತ್ತಡದಿಂದಲೇ ಪಟ್ಟಿಗೆ ಬಲ ಬರುತ್ತದೆ. ಬಹು ಸೊಗಸಾದ ಏರ್ಪಾಟು. ಆದರೆ ಈ ಪಟ್ಟಿಗಳಿಗೆ ಎಣ್ಣೆ ಬೇಕು. ಅದಕ್ಕಾಗಿ ಸಣ್ಣ ಪಂಪೊಂದು ಎಂಜಿನಿನ ಎಣ್ಣೆಯನ್ನೇ ಅಳೆದು ಅಳೆದು ಒಳಗೆ ಬಿಡುತ್ತದೆ. ಅದು ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಉರಿಯದೆ ಉಳಿದ ಇಂಗಾಲವೂ ಎಣ್ಣೆಯ ಬೂದಿಯೂ ರೋಟರಿನ ಮುಖದ ಮೇಲೆ ಗಟ್ಟಿ ಹೊಪ್ಪಳೆಯಾಗಿ ಕೂರುತ್ತವೆ, ಗಾಡಿಗಳಲ್ಲಿ ತುಂಬುತ್ತವೆ. ಪೇಟೆಯೊಳಗೆ ಮಂದಗತಿಯಲ್ಲಿ ಅಷ್ಟಿಷ್ಟು ದೂರ ಓಡಿ ಬಿಸಿಯೇರುವ ಮೊದಲೇ ನಿಲ್ಲುವ ಕಾರಿನಲ್ಲಿ ಇದು ಹೆಚ್ಚು. ಕೊನೆಗೆ ಪಟ್ಟಿ ಗಾಡಿಯಲ್ಲಿ ಅಂಟಿಕೊಳ್ಳುತ್ತದೆ. ಸ್ಪ್ರಿಂಗಾಗಲಿ ಅನಿಲವಾಗಲಿ ಅದನ್ನು ಮೇಲೆತ್ತಲಾರದು. ಪಟ್ಟಿ ಗಟ್ಟಿಯಾಗಿಯೇ ಇದ್ದರೂ ಮಾಪಕದ ದೃಷ್ಟಿಯಲ್ಲಿ ಅದು ಸತ್ತ ಪಟ್ಟಿ. ಈ ಎಂಜಿನನ್ನು ಬಿಚ್ಚಿ ಜೋಡಿಸುವುದು ದುಬಾರಿಯ ಕೆಲಸ. ಆದ್ದರಿಂದ ಅಂಟಿದ ಪಟ್ಟಿಗೂ ಸತ್ತ ಪಟ್ಟಿಗೂ ಇರುವ ವ್ಯತ್ಯಾಸವೇ ಇಲ್ಲಿನ ಮುಖ್ಯ ಪ್ರಶ್ನೆ.

ಮಸಿಯನ್ನು ಕರಗಿಸಲು ಅಗ್ಗದ ಔಷಧವೆಂದರೆ ನೀರು! ಇದು ಹಾಸ್ಯವಲ್ಲ. ತಂಪುನೀರು ಒಳಕ್ಕೆ ಸೋರುತ್ತಿದ್ದ ಸಾಮಾನ್ಯ ಎಂಜಿನನ್ನು ಬಿಚ್ಚಿದಾಗ, ನೀರು ಸೋರಿದ ಸಿಲಿಂಡರಿನ ಕೊಂತ ಮಾತ್ರ ತೊಳೆದಿಟ್ಟಂತೆ ಹೊಳೆಯುವುದನ್ನು ಮೆಕ್ಯಾನಿಕರು ಕಂಡಿದ್ದಾರೆ. ನೀರು ಆವಿಯಾದಾಗ 1600 ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಕಾದ ಹೊಪ್ಪಳೆಗೆ ಹನಿ ತಗುಲಿದೊಡನೆ ಅದರ ಮೇಲ್ಮೈ ತಟ್ಟನೆ ತಣಿದು ಬಿರಿಯುತ್ತದೆ. ಬಿರುಕಿಗಿಳಿದ ತೇವ ಆವಿಯಾಗಿ ಅದನ್ನು ಒಳಗಿನಿಂದಲೇ ಎಬ್ಬಿಸುತ್ತದೆ.

ಬಿಸಿಯಾದ ಎಂಜಿನನ್ನು ನಿಮಿಷಕ್ಕೆ 2000 ಸುತ್ತಿನಲ್ಲಿ ಓಡಿಸುತ್ತ, ಕಾರ್ಬುರೇಟರಿನ ಕೆಳಗಿನ ನಿರ್ವಾತನಳಿಕೆಯ ಮೂಲಕ ಶುದ್ಧ ನೀರನ್ನು ಸಣ್ಣ ಧಾರೆಯಾಗಿ ಹೀರಿಸುವುದು ವಾಡಿಕೆ. ಎಷ್ಟು ಸಣ್ಣ ಧಾರೆ? ಲೆಕ್ಕ ಹಾಕೋಣ. ಎರಡು ರೋಟರಿನ ಎಂಜಿನು ಐದು ನಿಮಿಷದಲ್ಲಿ 20,000 ಸಲ ಉಸಿರೆಳೆಯುತ್ತದೆ. ಅಷ್ಟರಲ್ಲಿ ಅರ್ಧ ಲೀಟರು ನೀರು ಹೋದರೆ ಪ್ರತಿ ಉಸಿರಿಗೂ ಅರ್ಧ ಹನಿ ಮಾತ್ರ. ಅದು ನಿರಪಾಯ. ಆದರೆ ನಳಿಕೆಯ ಬಾಯಿ ದೊಡ್ಡದಾಗಿ ನೀರು ಒಮ್ಮೆಗೇ ನುಗ್ಗಿದರೆ? 12ಎ ಎಂಜಿನಿನ ಒಂದು ಕೋಣೆಯ ಸ್ಥಾನಾಂತರ 573 ಘನ ಸೆಂಟಿಮೀಟರು, ಸಂಪೀಡನ ಪ್ರಮಾಣ 9.4. ಇದರಿಂದ ಪೂರ್ತಿ ಕುಗ್ಗಿದಾಗ ಕೋಣೆಯಲ್ಲಿ ಉಳಿಯುವ ಜಾಗ ಸುಮಾರು 68 ಘನ ಸೆಂಟಿಮೀಟರು, ಎಂದರೆ ಅರ್ಧ ಲೋಟಕ್ಕೂ ಕಡಮೆ. ಅನಿಲವನ್ನು ಅದುಮಬಹುದು, ನೀರನ್ನು ಅದುಮಲಾಗದು. ಜಾಗ ಸಾಲದಾದಾಗ ಮುರಿಯುವುದು ಸುಮಾರು 3 ಮಿಲಿಮೀಟರ್ ದಪ್ಪದ ಮೂಲೆಪಟ್ಟಿಯೇ.

ನೀರು ರೋಟರಿನ ಮುಖವನ್ನು ತೊಳೆಯುತ್ತದೆ. ಗಾಡಿಯ ಆಳಕ್ಕೆ ಅಷ್ಟಾಗಿ ಇಳಿಯದು. ಅಂಟಿದ ಪಟ್ಟಿಗೆ ಎಣ್ಣೆಯ ನೆನೆಹಾಕುವಿಕೆಯೇ ಹೆಚ್ಚು ಹಿಡಿಸುತ್ತದೆ. ಗೇರುಪೆಟ್ಟಿಗೆಯಲ್ಲಿ ಬಳಸುವ ತೆಳುವಾದ ಎಣ್ಣೆಯನ್ನು ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಸುರಿದು, ದಂಡವನ್ನು ಅದು ಓಡುವ ದಿಕ್ಕಿನಲ್ಲಿಯೇ ಒಂದು ಸುತ್ತು ತಿರುಗಿಸಿದರೆ ಎರಡನೆಯ ಕೋಣೆ ರಂಧ್ರಕ್ಕೆ ಬರುತ್ತದೆ. ಇನ್ನೊಂದು ಸುತ್ತಿಗೆ ಮೂರನೆಯದು. ಒಂದು ರಾತ್ರಿ ನೆನೆದ ಮೇಲೆ, ಪ್ಲಗ್ಗುಗಳನ್ನು ಹಾಕುವ ಮೊದಲು ಸ್ಟಾರ್ಟರಿನಿಂದ ತಿರುಗಿಸಿ ಎಣ್ಣೆಯನ್ನೆಲ್ಲ ಹೊರಚೆಲ್ಲಿಸಬೇಕು. ಆಮೇಲೆ ಎಂಜಿನು ಹತ್ತಿದಾಗ ಏಳುವ ಹೊಗೆಗೆ ನೆರೆಹೊರೆಯವರು ಓಡಿಬರುವುದು ಖಂಡಿತ. ಮುಂಚಿತವಾಗಿ ತಿಳಿಸಿರುವುದು ಮೇಲು. ಹೊಗೆಕೊಳವೆಯಲ್ಲಿ ಕ್ರಿಯಾವರ್ಧಕದ ಪೆಟ್ಟಿಗೆಯಿರುವ ಕಾರಿಗೆ ಈ ಚಿಕಿತ್ಸೆ ಒಳ್ಳೆಯದಲ್ಲ. ಎಣ್ಣೆಯ ಹೊಗೆ ಅದನ್ನು ಕೆಡಿಸುತ್ತದೆ.

ಈಗ ಮತ್ತೆ ಮಾಪಕವನ್ನು ಹಾಕಿದರೆ ಅಂಕಿ ಏರಿರುತ್ತದೆ. ಇಲ್ಲಿಯೇ ಎರಡನೆಯ ಸುಳ್ಳು ಅಡಗಿದೆ. ಪಟ್ಟಿಯ ಸಂದುಗಳಲ್ಲಿ ಉಳಿದ ಎಣ್ಣೆಯೇ ಸೋರಿಕೆಯನ್ನು ತಡೆದು ಸವೆದ ಎಂಜಿನಿಗೂ ಒಂದು ಗಳಿಗೆಯ ಯೌವನವನ್ನು ಕೊಡುತ್ತದೆ. ಹಳೆಯ ಕಾರುಗಳನ್ನು ಮಾರುವ ಕೆಲವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಆದುದರಿಂದ ಎಂಜಿನಿನ ಎಣ್ಣೆಯನ್ನೂ ಪ್ಲಗ್ಗುಗಳನ್ನೂ ಬದಲಿಸಿ, ಕಾರನ್ನು ಕೆಲವು ದಿನ ಓಡಿಸಿ, ಆ ಬಳಿಕ ಮೊದಲಿನಷ್ಟೇ ಬಿಸಿಯಲ್ಲಿ, ಮೊದಲಿನಷ್ಟೇ ವೇಗದಲ್ಲಿ ಎರಡನೆಯ ಪರೀಕ್ಷೆ ನಡೆಸಬೇಕು. ಕ್ಷೀಣವಾಗಿದ್ದ ಎರಡು ಮಿಡಿತಗಳು ಮೂರನೆಯದಕ್ಕೆ ಸಮವಾಗಿ ಎದ್ದು ನಿಂತಿದ್ದರೆ ಪಟ್ಟಿ ಅಂಟಿತ್ತು, ಈಗ ಬಿಟ್ಟಿದೆ. ಎಣ್ಣೆ ಉರಿದುಹೋದೊಡನೆ ಅವು ಮತ್ತೆ ಕುಸಿದಿದ್ದರೆ ಪಟ್ಟಿ ಸವೆದಿದೆ ಅಥವಾ ಮುರಿದಿದೆ. ಮುರಿದಿದ್ದರೆ ಕಾರನ್ನು ಅಲ್ಲಿಗೇ ನಿಲ್ಲಿಸಿ ಎಂಜಿನನ್ನು ಬಿಚ್ಚಬೇಕು. ಓಡಿಸಿದಷ್ಟೂ ಪಟ್ಟಿಯ ಚೂರುಗಳು ಗೋಡೆಯ ಕ್ರೋಮಿಯಂ ಲೇಪವನ್ನು ಗೀರಿಹಾಕುತ್ತವೆ, ಮೂರು ಪಟ್ಟಿಗಳ ಖರ್ಚಿನೊಂದಿಗೆ ಇಡೀ ಕೋಶದ ಖರ್ಚೂ ಸೇರಿಕೊಳ್ಳುತ್ತದೆ.